ಫೋನ್ ಕೊಟ್ಟ ತಾಯಿಯನ್ನು ಬೈಯುವ ಮುಂಚೆ ಹಗಲಿನ ಲೆಕ್ಕ ಕೊಡಿ

ಕೂಸಿನ ಕೈಗೆ ಫೋನ್ ಕೊಟ್ಟ ತಾಯಿಯನ್ನು ಬೈಯುವುದು ಈಗ ಊರಿನಲ್ಲಿ ಎಲ್ಲರಿಗೂ ಸಲೀಸಾದ ಕೆಲಸ. ಅರಳಿಕಟ್ಟೆಯಲ್ಲಿ ಕೂತವರು ಬೈಯುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತ ನೆಂಟರು ಬೈಯುತ್ತಾರೆ. ಚುಚ್ಚುಮದ್ದು ಹಾಕಿಸಲು ಹೋದರೆ ಪಕ್ಕದಲ್ಲಿ ನಿಂತವರೂ ಬೈಯುತ್ತಾರೆ. ವಾಟ್ಸ್‌ಆಪ್‌ನಲ್ಲಂತೂ ದಿನಕ್ಕೊಂದು ಉಪದೇಶ. ಅದನ್ನು ಫಾರ್ವರ್ಡ್ ಮಾಡುವವರ ಕೈಯಲ್ಲೂ ಫೋನೇ ಇರುತ್ತದೆ, ಅದು ಬೇರೆ ಮಾತು.

ನಾವು ಫೋನಿನ ಪರ ವಕಾಲತ್ತು ಮಾಡಲು ಹೊರಟಿಲ್ಲ. ಆದರೆ ಬೈಯುವವರಿಗೆ ಒಂದು ಪ್ರಶ್ನೆ ಇದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಆ ಕೂಸನ್ನು ನೋಡಿಕೊಳ್ಳಬೇಕಾದವರು ಯಾರು? ಅಮ್ಮ ಅಂತೀರಿ. ಸರಿ. ಅದೇ ಹೊತ್ತಿನಲ್ಲಿ ಅಡುಗೆ ಮಾಡಬೇಕಾದವರು? ಅಮ್ಮ. ಕೊಟ್ಟಿಗೆ ಸಗಣಿ ಬಾಚಬೇಕಾದವರು? ಅಮ್ಮ. ನೀರು ಹಿಡಿಯುವುದು, ಬಟ್ಟೆ ಒಗೆಯುವುದು, ಕಳೆ ಕೀಳಲು ಹೋಗುವುದು, ಸಂಘದ ಕಂತು ಕಟ್ಟಿ ಬರುವುದು? ಎಲ್ಲದಕ್ಕೂ ಅಮ್ಮನೇ. ಹಾಗಿದ್ದರೆ ಅವಳು ಫೋನ್ ಕೊಟ್ಟಿದ್ದು ಸೋಮಾರಿತನಕ್ಕಲ್ಲ. ಹತ್ತು ನಿಮಿಷ ಕೂಸನ್ನು ಹಿಡಿದುಕೊಳ್ಳುವ ಇನ್ನೊಂದು ಕೈ ಆ ಮನೆಯಲ್ಲಿ ಇಲ್ಲದ್ದಕ್ಕೆ.

ನಮ್ಮ ವಾದ ಇಷ್ಟೇ. ಓಡಾಡುವ ಕೂಸನ್ನು ಹಗಲಿಡೀ ನೋಡಿಕೊಳ್ಳುವುದು ಒಂದು ಪೂರ್ತಿ ಆಳಿನ ಕೆಲಸ. ಆಳು ಕೊಡದೆ ಕೆಲಸ ಕೇಳುವುದು ಅನ್ಯಾಯ. ಆ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು, ಪಂಚಾಯಿತಿಯೂ ಅದರಲ್ಲಿ ಪಾಲು ಹೊರಬೇಕು.

ಕೂಸಿಗೆ ಏನೂ ಆಗಿಲ್ಲ

"ಇದು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆ." "ಒಂದು ಗಳಿಗೆ ಕೂರಲ್ಲ." "ದೃಷ್ಟಿ ತೆಗೀರಿ." ಒಂದೂವರೆ ವರ್ಷದ ಮಗು ಇರುವ ಯಾವ ಮನೆಗೆ ಹೋದರೂ ಈ ಮಾತು ಕೇಳುತ್ತದೆ. ತುಂಟತನ ಅನ್ನುವುದು ಆ ಮಗುವಿನ ದೋಷವೋ ತಾಯಿ ಬೆಳೆಸಿದ ರೀತಿಯ ದೋಷವೋ ಅನ್ನುವ ಹಾಗೆ ಮಾತಾಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಕೊಟ್ಟಿತು. ಒಂದು ವರ್ಷ ದಾಟಿದ ಮಗು ದಿನಕ್ಕೆ ಕನಿಷ್ಠ 180 ನಿಮಿಷ, ಅಂದರೆ ಮೂರು ಗಂಟೆ, ಮೈ ಆಡಿಸಬೇಕು ಎಂದು ಅದರಲ್ಲಿದೆ. ಒಂದೇ ಕಡೆ ಕಟ್ಟಿಹಾಕಿದ ಹಾಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಿಸಬಾರದು. ಒಂದು–ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು.

ಅಂದರೆ ಓಡುವುದು, ಹತ್ತುವುದು, ಎಳೆಯುವುದು, ಸುರಿಯುವುದು ಆ ವಯಸ್ಸಿನ ಧರ್ಮ. ಓಡದೆ ಮೂಲೆಯಲ್ಲಿ ಕೂತ ಮಗುವಿನ ಬಗ್ಗೆ ಚಿಂತೆ ಮಾಡಬೇಕೇ ಹೊರತು ಓಡುವ ಮಗುವಿನ ಬಗ್ಗೆ ಅಲ್ಲ. ಇನ್ನೊಂದು ಲೆಕ್ಕ ನೀವೇ ಮಾಡಿ. ನಿದ್ದೆ ಕಳೆದರೆ ಮಗು ಎಚ್ಚರ ಇರುವುದು 10ರಿಂದ 13 ಗಂಟೆ. ಕೂಲಿ ಆಳಿನ ಪಾಳಿಗಿಂತ ಇದು ದೊಡ್ಡದು. ಈ ಪಾಳಿಗೆ ಕೂಲಿ ಇಲ್ಲ, ಮಧ್ಯೆ ಟೀ ಕುಡಿಯಲು ಬಿಡುವಿಲ್ಲ, ಭಾನುವಾರದ ರಜೆಯೂ ಇಲ್ಲ.

ಫೋನ್ ಮಾಡುವ ಹಾನಿ ಯಾವುದು

ಅದೇ ಮಾರ್ಗಸೂಚಿ ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ ಎನ್ನುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬೆಂಗಳೂರಿನಲ್ಲಿ ದುಡಿಯುವ ಅಪ್ಪನಿಗೆ ಆಗೀಗ ವೀಡಿಯೊ ಕಾಲ್ ಮಾಡಿ ತೋರಿಸಿದರೆ ತಪ್ಪಿಲ್ಲ. ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಕೂಸು ನಕ್ಕರೆ ಅವನೂ ನಗುತ್ತಾನೆ.

ಕಾರಣ ಸುಲಭ. ಮಗು ಮಾತು ಕಲಿಯುವುದು ಉತ್ತರ ಸಿಕ್ಕಾಗ. "ಬೌ ಬೌ" ಅಂತ ತೋರಿಸಿದರೆ "ಹೂಂ, ನಾಯಿ ಬಂತು, ಕರಿ ನಾಯಿ" ಅನ್ನುವವರು ಬೇಕು. ಫೋನ್ ತಾನು ಹೇಳುವುದನ್ನು ಹೇಳುತ್ತಲೇ ಇರುತ್ತದೆ, ಕೂಸು ಹೇಳಿದ್ದನ್ನು ಕೇಳುವುದಿಲ್ಲ. "ವೀಡಿಯೊ ನೋಡಿ ಎಬಿಸಿಡಿ ಕಲಿತಿದೆ" ಅಂತ ಹೆಮ್ಮೆ ಪಡುವವರಿದ್ದಾರೆ. ಎರಡು ವರ್ಷಕ್ಕೆ ಎಬಿಸಿಡಿ ಯಾರಿಗೆ ಬೇಕು? "ಅವ್ವಾ, ನೀರು" ಅನ್ನಲು ಬಂದರೆ ಸಾಕು.

ಹಾಗಾಗಿ ಫೋನ್ ಬೇಡ ಅನ್ನುವುದಕ್ಕೆ ನಮ್ಮ ಒಪ್ಪಿಗೆ ಇದೆ. ಆದರೆ ತಾಯಿಯ ಕೈಯಿಂದ ಫೋನ್ ಕಿತ್ತುಕೊಂಡವರು ಆ ಕೂಸನ್ನು ತಾವು ಎತ್ತಿಕೊಳ್ಳಬೇಕು. ಕೂಸನ್ನು ಅವಳ ಕಂಕುಳಲ್ಲೇ ಬಿಟ್ಟು ಬುದ್ಧಿ ಮಾತ್ರ ಹೇಳಿ ಹೋಗುವವರಿಂದ ಯಾರಿಗೂ ಉಪಯೋಗವಿಲ್ಲ.

"ನಾವು ಎಂಟು ಮಕ್ಕಳನ್ನು ಸಾಕಿಲ್ಲವಾ?"

ಈ ಮಾತು ಹೇಳುವ ಅಜ್ಜಿಯರ ಮೇಲೆ ನಮಗೆ ಗೌರವ ಇದೆ. ಆದರೆ ಅಜ್ಜಿ, ಒಂದು ಮಾತು ಬಿಡಿಸಿ ಹೇಳಿ. ಎಂಟು ಮಕ್ಕಳನ್ನು ನೀವೊಬ್ಬರೇ ಸಾಕಿದಿರಾ? ನಿಮ್ಮ ದೊಡ್ಡ ಮಗಳು ಎಲ್ಲಿದ್ದಳು?

ಅವಳು ಮನೆಯಲ್ಲಿದ್ದಳು. ಎಂಟು ವರ್ಷದ ಹುಡುಗಿಯ ಕಂಕುಳಲ್ಲಿ ಒಂದು ವರ್ಷದ ತಮ್ಮ ಇದ್ದ. ಅವಳು ಶಾಲೆ ಬಿಟ್ಟಿದ್ದಳು, ಇಲ್ಲವೇ ಶಾಲೆಯ ಮುಖವನ್ನೇ ನೋಡಿರಲಿಲ್ಲ. ಆ ಕಾಲದ ಹಳ್ಳಿಯ ಶಿಶುವಿಹಾರ ಅಂದರೆ ಮನೆಯ ದೊಡ್ಡ ಹೆಣ್ಣುಮಗಳೇ. ಅದಕ್ಕೆ ಬೆಲೆ ತೆತ್ತವಳೂ ಅವಳೇ. ಇವತ್ತಿಗೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಎಷ್ಟೋ ಅಮ್ಮಂದಿರು ಹಾಗೆ ತಮ್ಮ ತಂಗಿಯರನ್ನು ಎತ್ತಿ ಆಡಿಸಿದವರು.

ಈಗ ಶಿಕ್ಷಣ ಹಕ್ಕು ಕಾಯ್ದೆ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಶಾಲೆಯಲ್ಲಿರಬೇಕು. ಅಕ್ಕ ಬ್ಯಾಗ್ ಹಾಕಿಕೊಂಡು ಶಾಲೆಗೆ ಹೋದಳು. ಹೋಗಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಅವಳು ಮಾಡುತ್ತಿದ್ದ ಕೆಲಸ ಯಾರಿಗೆ ಬಂತು? ಗಂಡಸರಿಗೆ ಬರಲಿಲ್ಲ. ಮನೆಗಳು ಬೇರೆಯಾದವು, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯರು ಒಂದೊಂದು ಕಡೆ ಆದರು. ಅಂಗಳಕ್ಕೆ ಸಿಮೆಂಟು ಬಂತು, ಬೀದಿಗೆ ಬೈಕು ಬಂತು. ಎಲ್ಲರ ಪಾಲಿನ ಕೆಲಸವೂ ಸದ್ದಿಲ್ಲದೆ ಬಂದು ಬಿದ್ದಿದ್ದು ಒಬ್ಬಳ ಮೇಲೆ. ಅದರ ಜೊತೆಗೇ ಅವಳ ಕೈಗೆ ಫೋನೂ ಬಂತು.

ಗಂಡಸರ ಪಾಲು ಎಷ್ಟು?

ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಜನರ ದಿನಚರಿಯ ಸಮೀಕ್ಷೆ ಮಾಡಿತು. ಕೂಲಿ ಇಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ಕಡಿಮೆ, ಹಾಕುವವರೂ ಕೊಡುವುದು 97 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆಯದು ಬೇರೆ ಲೆಕ್ಕ: ಹೆಂಗಸರು 134 ನಿಮಿಷ, ಗಂಡಸರು 76 ನಿಮಿಷ.

"ಅವನು ಹೊರಗೆ ದುಡಿದು ಬರುತ್ತಾನೆ" ಎಂದು ಕೆಲವರು ವಾದಿಸುತ್ತಾರೆ. ನಮ್ಮ ಊರುಗಳಲ್ಲಿ ಅವಳೂ ಹೊರಗೆ ದುಡಿಯುತ್ತಾಳೆ. ನಾಟಿ, ಕಳೆ, ಕೊಯ್ಲು, ಹಾಲು ಕರೆಯುವುದು, ಡೇರಿಗೆ ಹಾಕುವುದು ಯಾವುದೂ ಮನೆಯೊಳಗಿನ ಕೆಲಸ ಅಲ್ಲ. ಇಬ್ಬರೂ ಹೊಲದಿಂದ ಒಟ್ಟಿಗೇ ಬಂದಾಗ ಕಾಲು ಚಾಚುವವರು ಒಬ್ಬರು, ಒಲೆ ಹಚ್ಚುವವರು ಇನ್ನೊಬ್ಬರು. ಆಗ ಕೂಸು ಅಳುತ್ತದೆ. ಕಾಲು ಚಾಚಿದವರೇ "ಅದಕ್ಕೆ ಏನಾದರೂ ಕೊಟ್ಟು ಸುಮ್ಮನಿರಿಸು" ಅನ್ನುತ್ತಾರೆ. ಆ "ಏನಾದರೂ" ಅಂದರೆ ಏನು ಎಂದು ಈಗ ಎಲ್ಲರಿಗೂ ಗೊತ್ತು.

ನಾವು ಕೇಳುವುದು ಹೆಚ್ಚೇನಲ್ಲ. ಬೆಳಿಗ್ಗೆ ಅಡುಗೆಯ ಹೊತ್ತಿನಲ್ಲಿ ಒಂದು ಗಂಟೆ, ಸಂಜೆ ಅಡುಗೆಯ ಹೊತ್ತಿನಲ್ಲಿ ಒಂದು ಗಂಟೆ ಕೂಸು ಅಪ್ಪನದು. ದನದ ಹತ್ತಿರ ಕರೆದುಕೊಂಡು ಹೋಗಲಿ, ಬೀದಿ ಕೊನೆಯವರೆಗೆ ನಡೆಸಿಕೊಂಡು ಬರಲಿ. ಬೈಕಿನ ಮುಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸುವುದು ಇದರಲ್ಲಿ ಸೇರುವುದಿಲ್ಲ. ಅದರಿಂದ ಮಗುವಿನ ಕಾಲಿಗೆ ಕೆಲಸ ಇಲ್ಲ, ಜೀವಕ್ಕೆ ಅಪಾಯ ಬೇರೆ.

ಕೂಸಿಗೆ ಆಟಿಕೆಗಿಂತ ಕೆಲಸ ಇಷ್ಟ

ಇಲ್ಲಿ ಇನ್ನೊಂದು ವ್ಯಾಪಾರದ ವಿರುದ್ಧವೂ ಮಾತಾಡಬೇಕು. ಸಂತೆಯಲ್ಲಿ ಕೀಲಿ ಕೊಟ್ಟರೆ ಕೂಗುವ ಪ್ಲಾಸ್ಟಿಕ್, ಆನ್‌ಲೈನ್‌ನಲ್ಲಿ "ಬುದ್ಧಿ ಬೆಳೆಸುವ" ಡಬ್ಬಿಗಳು, ಚಕ್ರದ ವಾಕರ್. ಮಗು ಬೇಗ ನಡೆಯಲಿ ಎಂದು ವಾಕರ್ ತರುತ್ತಾರೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳುವುದು, ಒಲೆಯ ಹತ್ತಿರ ಸರ್ರನೆ ಹೋಗುವುದು ಮಾತ್ರ ಬೇಗ ಆಗುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ನಮ್ಮ ಸಂತೆಗಳಲ್ಲಿ ಈಗಲೂ ನೇತು ಹಾಕಿ ಮಾರುತ್ತಾರೆ.

ಎರಡು ವರ್ಷದ ಮಗುವನ್ನು ಸುಮ್ಮನೆ ಗಮನಿಸಿ. ಹೊಸ ಆಟಿಕೆ ಹತ್ತು ನಿಮಿಷ ಆಡಿ ಬಿಸಾಡುತ್ತದೆ. ನೀವು ಪೊರಕೆ ಹಿಡಿದರೆ ಅದಕ್ಕೂ ಪೊರಕೆ ಬೇಕು. ನೀವು ಚಪಾತಿ ಲಟ್ಟಿಸಿದರೆ ಅದಕ್ಕೂ ಹಿಟ್ಟು ಬೇಕು. ದೊಡ್ಡವರು ಮಾಡುವ ಕೆಲಸವೇ ಅದಕ್ಕೆ ಆಟ. ಹಾಗಿದ್ದ ಮೇಲೆ ಕೆಲಸವನ್ನೇ ಕೊಡಿ.

ರಾಗಿ ಹಿಟ್ಟನ್ನೋ ಗೋಧಿ ಹಿಟ್ಟನ್ನೋ ಗಟ್ಟಿಯಾಗಿ ಕಲಸಿ ಒಂದು ಮುದ್ದೆ ಕೈಗೆ ಕೊಡಿ. ಒಂದು ಬುಟ್ಟಿಯ ಆಲೂಗಡ್ಡೆ, ಈರುಳ್ಳಿಯನ್ನು ಇನ್ನೊಂದು ಬುಟ್ಟಿಗೆ ಸಾಗಿಸಲು ಹೇಳಿ. ಮುಗಿದರೆ ವಾಪಸ್ ಹಾಕಿಸಿ. ಸೊಪ್ಪು ಬಿಡಿಸುವಾಗ ದಂಟು ಕೊಡಿ. ಒಗೆದ ಬಟ್ಟೆಯಲ್ಲಿ ಅಪ್ಪನದು ಯಾವುದು, ಅವ್ವನದು ಯಾವುದು ಎಂದು ಬೇರೆ ಮಾಡಿಸಿ. ಹಳೆ ಬಟ್ಟೆ ಒದ್ದೆ ಮಾಡಿ ಜಗಲಿ ಒರೆಸಲು ಬಿಡಿ. ಸ್ಟೀಲ್ ಡಬ್ಬಿಗಳಿಗೆ ಸರಿಯಾದ ಮುಚ್ಚಳ ಹುಡುಕಲು ಬಿಡಿ. ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿ ಚಮಚೆಯಿಂದ ಇನ್ನೊಂದು ಲೋಟಕ್ಕೆ ತುಂಬಿಸಲಿ. ನೆಲ ಒದ್ದೆಯಾಗುತ್ತದೆ, ಆಮೇಲೆ ಒರೆಸಲು ಅದೇ ಮಗು ಇದೆ. ದುಡ್ಡಿದ್ದು ಆಟಿಕೆ ತರುವ ಆಸೆಯಿದ್ದರೆ ಚನ್ನಪಟ್ಟಣದ ಮರದ ಬೊಂಬೆ ತನ್ನಿ. ಅಲ್ಲಿ ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚುತ್ತಾರೆ. ಬಾಯಿಗೆ ಹಿಡಿಸದಷ್ಟು ದೊಡ್ಡದನ್ನೇ ಆರಿಸಿ.

ಮಗುವಿನ ಹಗಲಿಗೂ ಒಂದು ಹದ ಇದೆ. ಬೆಳಿಗ್ಗೆ ಮೈ ಹಗುರ ಇರುವಾಗ ಹೊರಗೆ ಓಡಿಸಿ. ಬಿಸಿಲು ಏರಿದ ಮೇಲೆ ಒಳಗಿನ ಕೈಕೆಲಸ. ಊಟ, ನಿದ್ದೆ. ಇಳಿಹೊತ್ತಿಗೆ ಮತ್ತೆ ಹೊರಗೆ. ಬೆಳಿಗ್ಗೆ ಓಡದ ಮಗು ಮಧ್ಯಾಹ್ನ ಮಲಗುವುದಿಲ್ಲ. ಮಧ್ಯಾಹ್ನ ಮಲಗದ ಮಗು ಸಂಜೆ ರಚ್ಚೆ ಹಿಡಿಯುತ್ತದೆ. ಆ ರಚ್ಚೆಗೇ ಫೋನ್ ಹೊರಬರುವುದು.

ಆದರೆ ಇವೆಲ್ಲ ಬರೆದ ಕೂಡಲೇ "ನೋಡು, ಹೀಗೆ ಮಾಡು" ಎಂದು ಹೆಂಡತಿಗೆ ಓದಿ ಹೇಳಬೇಡಿ. ಮೇಲಿನ ಪ್ರತಿಯೊಂದು ಆಟಕ್ಕೂ ಪಕ್ಕದಲ್ಲಿ ಒಬ್ಬರು ದೊಡ್ಡವರು ಕೂರಬೇಕು. ಆ ಒಬ್ಬರು ನೀವಾಗಬಹುದು.

ಕಣ್ಣು ತಪ್ಪಿದರೆ

ದೊಡ್ಡವರು ಇರಲೇಬೇಕು ಅನ್ನುವುದು ಮುದ್ದಿಗಾಗಿ ಹೇಳುವ ಮಾತಲ್ಲ, ಜೀವದ ಮಾತು. ಬಕೆಟ್‌ನಲ್ಲಿ ಗೇಣು ನೀರಿದ್ದರೂ ತಲೆ ಕೆಳಗಾಗಿ ಬಿದ್ದ ಕೂಸು ತಾನಾಗಿ ಏಳಲಾರದು. ಕಿರುಚಲೂ ಆಗುವುದಿಲ್ಲ. ಬಚ್ಚಲ ಬಕೆಟ್ ಖಾಲಿ ಮಾಡಿ ಮಗುಚಿ, ಸಂಪಿಗೆ ಮುಚ್ಚಳ ಹಾಕಿ. ಟಾರ್ಪಾಲು ಹಾಸಿದ ಕೃಷಿ ಹೊಂಡದಲ್ಲಿ ಜಾರಿದರೆ ದೊಡ್ಡವರಿಗೇ ಹತ್ತಿ ಬರುವುದು ಕಷ್ಟ. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ಸಹಾಯಧನ ಇದೆ, ಕೇಳಿ ಹಾಕಿಸಿಕೊಳ್ಳಿ.

ಔಷಧಿ ಹೊಡೆದು ಉಳಿದಿದ್ದನ್ನು ಜ್ಯೂಸ್ ಬಾಟಲಿಗೆ ಸುರಿದು ಇಡುವ ಅಭ್ಯಾಸ ಇವತ್ತೇ ಬಿಡಿ. ಕೂಸು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಅಡಿಕೆ ಚೂರು ಗಂಟಲಿಗೆ ಸಿಕ್ಕುತ್ತವೆ. ಆಟಿಕೆಯೊಳಗಿನ ಗುಂಡಿಯಂಥ ಸಣ್ಣ ಬ್ಯಾಟರಿ ಹೊಟ್ಟೆಗೆ ಹೋದರೆ ಒಳಗೇ ಸುಡುತ್ತದೆ.

ಕೊಳವೆಬಾವಿಯ ಮಾತು ನಿಮಗೆ ಗೊತ್ತೇ ಇದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ಮೇಲಕ್ಕೆ ತಂದರು. ರಾಜ್ಯವೇ ಟಿವಿ ಮುಂದೆ ಕೂತು ದೇವರಿಗೆ ಕೈ ಮುಗಿಯಿತು. ಎಲ್ಲ ಕೂಸುಗಳಿಗೂ ಆ ಅದೃಷ್ಟ ಇರುವುದಿಲ್ಲ. ತೆರೆದ ಕೊಳವೆಬಾವಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇಂಥ ಪ್ರಕರಣ ಆದಾಗಲೆಲ್ಲ "ತಾಯಿ ಎಲ್ಲಿದ್ದಳು?" ಎಂದು ಕೇಳುವವರು "ಮುಚ್ಚಳ ಎಲ್ಲಿತ್ತು?" ಎಂದು ಯಾಕೆ ಕೇಳುವುದಿಲ್ಲ?

ಸರ್ಕಾರದ ಲೆಕ್ಕದಲ್ಲಿ ಕಳೆದುಹೋದ ಎರಡು ವರ್ಷ

ಈಗ ಮನೆಯಿಂದ ಹೊರಗೆ ಬರೋಣ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ. ಐವತ್ತು ವರ್ಷದಿಂದ ಅದು ಕೋಟ್ಯಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿದೆ. ಆದರೆ ಅಂಗನವಾಡಿಯಲ್ಲಿ ಕೂತು ಕಲಿಯುವುದು, ಆಡುವುದು ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ. ಪೊಟ್ಟಣ ತಿಂದು ಮೈ ಬರುತ್ತದೆ, ಓಡುವ ಶಕ್ತಿಯೂ ಬರುತ್ತದೆ. ಓಡಲು ಜಾಗ, ನೋಡಲು ಕಣ್ಣು ಮಾತ್ರ ಯಾರೂ ಕೊಡುವುದಿಲ್ಲ. ಒಂದರಿಂದ ಮೂರು ವರ್ಷ, ಅಂದರೆ ಮಗು ಅತಿ ಹೆಚ್ಚು ಓಡುವ, ಅತಿ ಕಡಿಮೆ ಅಪಾಯ ಅರಿಯುವ ಆ ಎರಡು ವರ್ಷ ಹಗಲಿನಲ್ಲಿ ಯಾರ ಲೆಕ್ಕಕ್ಕೂ ಸೇರಿಲ್ಲ.

ಹೆಂಗಸು ಕಾರ್ಖಾನೆಯಲ್ಲಿ ದುಡಿದರೆ ಕಾನೂನಿಗೆ ಅವಳ ಕೂಸು ಕಂಡಿದೆ. 30ಕ್ಕಿಂತ ಹೆಚ್ಚು ಹೆಂಗಸರು ಇರುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಚಹಾ, ಕಾಫಿ ಎಸ್ಟೇಟ್‌ಗಳಿಗೆ 1951ರ ಕಾಯ್ದೆ ಹೇಳಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುವಿಹಾರ ಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಎಷ್ಟು ಕಡೆ ನಡೆಯುತ್ತಿದೆ ಎಂಬ ಜಗಳ ಬೇರೆ, ಕಾಗದದ ಮೇಲಾದರೂ ಇದೆ. ಸ್ವಂತ ಎರಡು ಎಕರೆಯಲ್ಲಿ, ಪಕ್ಕದವರ ಹೊಲದಲ್ಲಿ ಕೂಲಿಗೆ ಬಗ್ಗಿ ಕಳೆ ಕೀಳುವವಳ ಕೂಸಿಗೆ ಬದುವಿನ ಮೇಲೆ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯೇ ಶಿಶುವಿಹಾರ. ಜೋಲಿಯಿಂದ ಇಳಿದು ನಡೆಯಲು ಕಲಿತ ಮೇಲೆ ಅದೂ ಇಲ್ಲ.

ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂದಾಗ ಒಂದು ಒಳ್ಳೆಯ ಮಾತು ಅದರಲ್ಲಿತ್ತು. ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಬಂದರೆ ಅಲ್ಲಿನ ಒಬ್ಬ ಹೆಂಗಸನ್ನು ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು. ಅಂದರೆ ಕೂಸು ನೋಡುವುದು ಮಣ್ಣು ಹೊರುವಷ್ಟೇ ಕೆಲಸ ಎಂದು ದೇಶದ ಕಾನೂನೇ ಒಪ್ಪಿತು. ನಮ್ಮ ಮನೆಗಳು ಇನ್ನೂ ಒಪ್ಪಿಲ್ಲ.

2023–24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ ಘೋಷಣೆಯಾಯಿತು. ದುಡಿಯುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಒಂದು ಪಂಚಾಯಿತಿಗೆ ನಾಲ್ಕಾರು ಹಳ್ಳಿ ಇರುತ್ತವೆ. ಮೂರು ಕಿಲೋಮೀಟರ್ ದೂರದ ಕೂಸಿನ ಮನೆಗೆ ಮಗುವನ್ನು ಹೊತ್ತು ಬಿಟ್ಟು, ವಾಪಸ್ ಬಂದು, ಹೊಲಕ್ಕೆ ಹೋಗುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಯಿತು. ಕೂಸಿನ ಮನೆ ಕೂಗಳತೆ ದೂರದಲ್ಲಿರಬೇಕು. ಬೆಳಿಗ್ಗೆ ಆಳುಗಳು ಹೊಲಕ್ಕೆ ಹೊರಡುವ ಹೊತ್ತಿಗೆ ಬಾಗಿಲು ತೆರೆಯಬೇಕು, ಕಚೇರಿಯ ಹೊತ್ತಿಗಲ್ಲ. ಅಲ್ಲಿ ಮಕ್ಕಳನ್ನು ನೋಡುವ ಹೆಂಗಸರಿಗೆ ತಿಂಗಳು ತಿಂಗಳು ಸರಿಯಾಗಿ ಹಣ ಬರಬೇಕು.

ಕೇಳಬೇಕಾದ್ದು ಎಲ್ಲಿ

ನವೆಂಬರ್‌ ಸುಮಾರಿಗೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಯ ಮಕ್ಕಳು ಎದ್ದು ನಿಂತು ಶೌಚಾಲಯ ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ಬಹಳ ಸಂತೋಷ. ಎರಡು ವರ್ಷದ ಕೂಸು ಅಲ್ಲಿ ಮೈಕ್ ಹಿಡಿಯುವುದಿಲ್ಲ. ಅದರ ಪರವಾಗಿ ದೊಡ್ಡವರ ಗ್ರಾಮಸಭೆಯಲ್ಲಿ ನಾವು ನೀವು ಕೇಳಬೇಕು.

ಮುಂದಿನ ಗ್ರಾಮಸಭೆಗೆ ಹೋಗಿ ಈ ನಾಲ್ಕು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ, ಇದ್ದರೆ ಯಾವ ಊರಿನಲ್ಲಿ, ಎಷ್ಟು ಹೊತ್ತಿಗೆ ತೆರೆಯುತ್ತದೆ? ಇಲ್ಲದಿದ್ದರೆ ಯಾವಾಗ? ಊರಿನ ಸುತ್ತ ಮುಚ್ಚದ ಕೊಳವೆಬಾವಿ, ಬೇಲಿ ಇಲ್ಲದ ಹೊಂಡ ಎಷ್ಟಿವೆ? ಪುಟ್ಟ ಮಕ್ಕಳು ಬೈಕು, ಟ್ರ್ಯಾಕ್ಟರ್ ಭಯವಿಲ್ಲದೆ ಓಡಲು ಊರಿನಲ್ಲಿ ಒಂದು ಗುಂಟೆ ಜಾಗ ಎಲ್ಲಿದೆ? ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೊ ತೆಗೆದುಕೊಳ್ಳಿ. ಫೋನ್ ಇರುವುದು ಇಂಥ ಕೆಲಸಕ್ಕೆ.

ಗ್ರಾಮಸಭೆ ಬರುವವರೆಗೂ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನಾಲ್ಕು ಮನೆಯವರು ಸೇರಿ ವಾರದ ಸರದಿ ಹಾಕಿಕೊಳ್ಳಿ. ಸೋಮವಾರ ಈ ಜಗಲಿ, ಮಂಗಳವಾರ ಆ ಜಗಲಿ. ಒಬ್ಬರು ಕೂಸುಗಳನ್ನು ನೋಡಿಕೊಂಡರೆ ಉಳಿದವರು ಹೊಲದ ಕೆಲಸ ಮುಗಿಸಬಹುದು. ಮುಯ್ಯಾಳು ನಮಗೆ ಹೊಸದಲ್ಲ. ನಾಟಿಗೆ ಮುಯ್ಯಿ ಕಟ್ಟುವವರಿಗೆ ಕೂಸು ನೋಡಲು ಮುಯ್ಯಿ ಕಟ್ಟುವುದು ಕಷ್ಟವೇ? ಸರದಿಯಲ್ಲಿ ಗಂಡಸರ ಹೆಸರೂ ಇರಲಿ.

ಇಷ್ಟೂ ಮಾಡಿದ ಮೇಲೂ ಯಾವುದೋ ತಾಯಿ ಕೂಸಿನ ಕೈಗೆ ಫೋನ್ ಕೊಟ್ಟರೆ ಆಗ ಬೇಕಾದರೆ ಬುದ್ಧಿ ಹೇಳಿ. ಅಲ್ಲಿಯವರೆಗೆ ಬಾಯಿಗೆ ಬಿಡುವು ಕೊಟ್ಟು, ಆ ಕೂಸನ್ನು ಒಂದು ಗಂಟೆ ಎತ್ತಿಕೊಳ್ಳಿ.